ಕಂಬಳಿಯೊಳಗಿನ ಮೂರು ಮೈಕ್ರೋ ಆಂಪಿಯರ್

ಏಪ್ರಿಲ್ ತಿಂಗಳ ಸೆಕೆಯಲ್ಲೂ ಕೆಂಚೇಗೌಡ ಮೇಷ್ಟ್ರು ಎಲೆಕ್ಟ್ರಾನಿಕ್ಸ್ ಲ್ಯಾಬಿಗೆ ಹೆಗಲ ಮೇಲೆ ಕರಿ ಕಂಬಳಿ ಹಾಕಿಕೊಂಡು ಬರುತ್ತಿದ್ದರು. ಬಿಂಡಿಗನವಿಲೆಯವರು, ಮನೆಯ ಕುರಿಗಳದೇ ಉಣ್ಣೆ. ತೊಂಬತ್ತರ ದಶಕದಲ್ಲಿ ನಾನು ಕೆ.ಆರ್. ಪೇಟೆಯಲ್ಲಿ ಡಿಪ್ಲೊಮಾ ಓದುತ್ತಿದ್ದಾಗ ಹಗಲು ಕರೆಂಟೇ ಇರುತ್ತಿರಲಿಲ್ಲ. ಟೇಬಲ್ಲುಗಳನ್ನು ಕಿಟಕಿಗೆ ಒತ್ತರಿಸಿ, ಟ್ರಾಕ್ಟರ್ ಬ್ಯಾಟರಿಯಲ್ಲಿ ಪ್ರಯೋಗ ಮಾಡುತ್ತಿದ್ದೆವು.

ರಿಮೋಟಿನಿಂದ ಬರುವ, ಕಣ್ಣಿಗೆ ಕಾಣದ ಬೆಳಕು ಬಿದ್ದಾಗ ಫೋಟೋಡಯೋಡಿನಲ್ಲಿ ಎಷ್ಟು ಕರೆಂಟ್ ಹರಿಯುತ್ತದೆಂದು ಲೆಕ್ಕ ಹಾಕಬೇಕಿತ್ತು. ಜೊತೆಗಿದ್ದ ನೂರು ಕಿಲೋ ಓಮ್ ರೆಸಿಸ್ಟರಿನ ವೋಲ್ಟೇಜ್ ಅಳೆದು ಭಾಗಿಸಿದರೆ ಮುಗಿಯಿತು. ನನಗೆ ಸದಾ ನೂರಿಪ್ಪತ್ತು ಮೈಕ್ರೋ ಆಂಪಿಯರ್! ರಿಮೋಟ್ ಒತ್ತಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಅದನ್ನೇ ಬರೆದು ಒಮ್ಮೆ ಫೇಲಾಗಿದ್ದೆ. ಈ ಸಲವೂ ಹೋದರೆ ಓದು ಬಿಡಿಸಿ ಆಲೆಮನೆಗೆ ಹಾಕುತ್ತೇನೆಂದು ಅಪ್ಪ ಹೇಳಿದ್ದರು.

ಮೇಷ್ಟ್ರು ನೋಡಿದರು. "ಕಿಟಕೀಲಿ ಸೂರ್ಯ ಕುಂತವ್ನೆ ಕಣ್ಲಾ! ತಮಟೆ ಮುಂದೆ ಪಿಸುಗುಟ್ಟಿದಂಗೆ ನಿನ್ ರಿಮೋಟು." ಸರ್ಕ್ಯೂಟಿಗೂ ರಿಮೋಟ್ ಹಿಡಿದ ನನ್ನ ಕೈಗೂ ಕಂಬಳಿ ಮುಚ್ಚಿ, ಮೀಟರನ್ನು ಹೊರಗಿಟ್ಟರು. "ಮೊದ್ಲು ಒತ್ತದೆ ಎಷ್ಟೈತೆ ಬರ್ಕೊ. ಒತ್ತಿದ್ ಮ್ಯಾಲೆ ಎಷ್ಟು ಏರ್ತದೋ ಅಷ್ಟೇ ರಿಮೋಟಿನ್ದು."

ಪರೀಕ್ಷೆಯ ದಿನ ಹೊರಗಿನಿಂದ ಬಂದಿದ್ದ ಪರೀಕ್ಷಕರಿಗೆ ಸರ್ಕ್ಯೂಟಿಗೆ ಮುಚ್ಚಿದ್ದ ಕಂಬಳಿಯ ಮೇಲೇ ಅನುಮಾನ. ಚೀಟಿ ಹುಡುಕಲು ತಲೆಯನ್ನೇ ಒಳಗೆ ತೂರಿಸಿದರು. ಸಫಾರಿ ಸೂಟಿನ ಹಿಂಭಾಗ ಮಾತ್ರ ನಮಗೆ ಉಳಿಯಿತು.

"ರಿಮೋಟ್ ಒತ್ತಯ್ಯ!"

"ಒತ್ತಿದ್ದೀನಿ ಸಾರ್."

"ಏನೂ ಕಾಣ್ತಿಲ್ವಲ್ಲ?"

"ಕಾಣಂಗಿದ್ರೆ ನೋಡ್ಬುಟ್ಟು ಓಗ್ತಿದ್ವಿ ಸಾರ್," ಅಂದರು ಮೇಷ್ಟ್ರು. "ಕಾಣಾಕಿಲ್ಲ ಅಂತ್ಲೇ ಲೆಕ್ಕ ಆಕೋದು."

ಪರೀಕ್ಷಕರು ಒಳಗಿಂದಲೇ ಕಂಬಳಿಯ ಅಂಚೆತ್ತಿ, ಕತ್ತು ಹೊರಳಿಸಿ ಮೀಟರ್ ನೋಡಿದರು. ಮತ್ತದೇ ನೂರಿಪ್ಪತ್ತರ ಲೆಕ್ಕ! "ತಪ್ಪು," ಅಂದರು.

ಮೇಷ್ಟ್ರು ಕೈ ಮುಗಿದರು. "ತಮ್ ಜೊತೆ ಸೂರ್ಯನೂ ಒಳಕ್ಕೆ ಬಂದವ್ನೆ ಸಾರ್. ವಸಿ ಈಚೆ ಬನ್ನಿ." ತೋಳು ಹಿಡಿದು ಅವರನ್ನು ಹೊರಗೆಳೆದು, ಕಂಬಳಿಯ ಅಂಚುಗಳನ್ನು ಬಿಗಿಯಾಗಿ ಸಿಕ್ಕಿಸಿದರು. ರಿಮೋಟ್ ಒತ್ತುವ ಮುಂಚೆ ಪಾಯಿಂಟ್ ಒಂದು ವೋಲ್ಟ್, ಒತ್ತಿದ ಮೇಲೆ ಪಾಯಿಂಟ್ ನಾಲ್ಕು. ಕಳೆದು, ಭಾಗಿಸಿ ಬರೆದೆ: ಮೂರು ಮೈಕ್ರೋ ಆಂಪಿಯರ್. ಪರೀಕ್ಷಕರು ಕೂದಲಿಂದ ಉಣ್ಣೆ ಕೀಳುತ್ತಾ ಸಹಿ ಹಾಕಿದರು.

ಫಲಿತಾಂಶ ಬಂದ ದಿನ ಮೇಷ್ಟ್ರು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ವರ್ಗವಾಗಿ ಹೊರಟಿದ್ದರು. ಪಾಸಾದೆ ಅಂದೆ.

"ನೀನು ಪಾಸಾಯ್ತೀಯ ಅಂತ ಗೊತ್ತಿತ್ತು ಕಣ್ಲಾ. ಆ ಸಫಾರಿಯವ್ರು ಕಂಬ್ಳಿಯಿಂದ ಈಚೆ ಬತ್ತಾರೋ ಇಲ್ವೋ ಅಂತ್ಲೇ ಎದ್ರಿದ್ದೆ."

ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಷ್ಟರಲ್ಲಿ ಅವರನ್ನು ಹತ್ತಿಸಿಕೊಂಡು ಬಸ್ಸು ಹೊರಟೇಬಿಟ್ಟಿತು. ನಿಮ್ಮಿಂದಲೇ ಉಳಿದೆ ಅನ್ನಬೇಕೆಂದಿದ್ದವನು ನಗುತ್ತಾ ನಿಂತುಬಿಟ್ಟಿದ್ದೆ. ಇನ್ನೊಂದು ಸಲ ಹೇಳಿದರಾಯಿತು ಅಂದುಕೊಂಡೆ. ಆ ಮಳೆಗಾಲದಲ್ಲೇ ಅವರು ತೀರಿಕೊಂಡರು.