ಮಕ್ಕಳ ರೂಮಿನ ಬೀಗದ ಕೈ

ಸವಿತಾ, ಆವತ್ತು ಬೀಗದ ಕೈ ಮ್ಯಾನೇಜರ ಹತ್ತಿರ ಇರಲಿಲ್ಲ. ನನ್ನ ಸೊಂಟದಲ್ಲೇ ಇತ್ತು — ಸೆರಗಿನ ಮರೆಯಲ್ಲಿ. ನಿನ್ನ ಮುಖ ನೋಡಿಕೊಂಡೇ ನಾನು ಸುಳ್ಳು ಹೇಳಿದೆ.

ಹಾಸನದ ಗಾರ್ಮೆಂಟ್ಸಿನಲ್ಲಿ ನಾನು ನಿನ್ನ ಲೈನಿನ ಸೂಪರ್‌ವೈಸರ್. ಹೆರಿಗೆ ರಜೆ ಮುಗಿಸಿ ಬಂದ ಮೇಲೆ ನೀನು ಮಗುವನ್ನು ಹೊಳೆನರಸೀಪುರದ ಮನೆಯಲ್ಲಿ ಅತ್ತೆಯ ಹತ್ತಿರ ಬಿಟ್ಟು ಬರುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ನಿನಗೆ ಎದೆ ಕಟ್ಟಿ, ರವಿಕೆ ಒದ್ದೆಯಾಗಿ, ಬಾತ್‌ರೂಮಿನಲ್ಲಿ ಹಾಲು ಹಿಂಡಿ ಚೆಲ್ಲಬೇಕಾಗುತ್ತಿತ್ತು. ನಾನೂ ಎರಡು ಹೆತ್ತವಳು — ನನಗೆ ಗೊತ್ತಾಗದೆ ಇರುತ್ತದೆಯೇ?

ಮಕ್ಕಳ ರೂಮು ಅಂತ ಒಂದಿತ್ತು. ಕಾನೂನಿಗೆ ಬೇಕು ಅಂತ ಇಟ್ಟದ್ದು. ಹೊರಗಿನವರು ಫ್ಯಾಕ್ಟರಿ ತಪಾಸಣೆಗೆ, ಆಡಿಟ್ ಅಂತ, ಬರುವ ದಿನ ಮಾತ್ರ ಬಾಗಿಲು ತೆಗೆದು, ತೊಟ್ಟಿಲ ಧೂಳು ಒರೆಸಿ, ಗೊಂಬೆ ಜೋಡಿಸುತ್ತಿದ್ದೆವು. ಬರೀ ತೊಟ್ಟಿಲು ತೋರಿಸಿದರೆ ಆಗುತ್ತದೆಯೇ, ಮಕ್ಕಳೂ ಬೇಕಲ್ಲ. ಆ ಸಲದ ಆಡಿಟ್ಟಿನ ಹಿಂದಿನ ದಿನ, ನಾಳೆ ಮಗುವನ್ನು ಎತ್ತಿಕೊಂಡು ಬಾ ಅಂತ ನಿನಗೆ ಹೇಳಿದೆ. ನಾಳೆ ಒಂದೇ ದಿನ ಅಂತ — ಹೇಳಲಿಲ್ಲ. ಹೇಳಿದರೆ ನೀನು ತರುವುದಿಲ್ಲವೇನೋ ಅಂತ.

ಆಡಿಟ್ಟಿನ ದಿನ ಮಗುವನ್ನು ನಾನೇ ತೊಟ್ಟಿಲಲ್ಲಿ ಮಲಗಿಸಿದೆ. ಊಟದ ಬಿಡುವಿನಲ್ಲಿ ನೀನು ಓಡಿ ಹೋಗಿ ಹಾಲು ಕೊಟ್ಟು ಬಂದೆ. ಸಂಜೆಯವರೆಗೂ ಏನೋ ಗುನುಗುತ್ತಾ ಹೊಲಿದೆ. ಕೆಲಸದ ಜಾಗದಲ್ಲಿ ನೀನು ನಕ್ಕಿದ್ದನ್ನು ನಾನು ನೋಡಿದ್ದು ಆವತ್ತೇ.

ಮಾರನೆಯ ಬೆಳಿಗ್ಗೆ ಮಗುವಿಗೆ ಹೊಸ ಟೋಪಿ ಹಾಕಿ, ಎತ್ತಿಕೊಂಡು ಮತ್ತೆ ಬಂದೆಯಲ್ಲ ತಾಯಿ!

"ಅಕ್ಕ, ಇನ್ಮೇಲೆ ದಿನಾ ಇಲ್ಲೇ ಬಿಡ್ತೀನಿ ಅಂತ ಅತ್ತೆಗೆ ಏಳ್ಬುಟ್ಟೆ. ಅವ್ರು ಅರಕಲಗೂಡ್ಗೆ, ಮಗಳ ಮನೆಗೆ ಒಂಟೋದ್ರು" ಅಂದೆ ನೀನು.

ನಾನು ಬಾಗಿಲು ತೆಗೆಯಬಹುದಿತ್ತು. ಮೇಲಿನವರು ಬೈಯುತ್ತಾರೆ, ನೋಡಿಕೊಳ್ಳಲು ಆಯಾ ಇಲ್ಲ — ಥೂ, ಅದೆಲ್ಲ ಈಗ ಯಾಕೆ.

"ಬೀಗದ ಕೈ ಮ್ಯಾನೇಜರ್ ತಾವ ಐತೆ ಕಣವ್ವ. ಮನೆಗ್ ಓಗು" ಅಂದೆ ನಾನು.

ನೀನು ಮಗುವಿನ ತಲೆಯ ಮೇಲೆ ಸೆರಗು ಹೊದಿಸಿ ಬಸ್ ಸ್ಟಾಂಡಿನ ಕಡೆ ನಡೆದೆ. ಆಮೇಲೆ ಕೆಲಸಕ್ಕೇ ಬರಲಿಲ್ಲ.

ಇಷ್ಟು ವರ್ಷಗಳಾದ ಮೇಲೆ, ಮೊನ್ನೆ ಚನ್ನರಾಯಪಟ್ಟಣದ ಬಸ್ ಸ್ಟಾಂಡಿನಲ್ಲಿ ನೀನೇ ಗುರುತು ಹಿಡಿದು ಮಾತಾಡಿಸಿದೆ. ಪಕ್ಕದಲ್ಲಿ ಸ್ಕೂಲ್ ಬ್ಯಾಗು ಹೊತ್ತ ಮಗಳು.

"ನೀನ್ ಕೂಸಾಗಿದ್ದಾಗ ತೊಟ್ಲಲ್ಲಿ ಮಲಗ್ಸಿದ್ದು ಈ ಅಕ್ಕನೇ ಕಣೆ" ಅಂತ ಅವಳಿಗೆ ತೋರಿಸಿದೆ. ಆ ಮಗು ಬಗ್ಗಿ ನನ್ನ ಕಾಲು ಮುಟ್ಟಿತು. ಅಯ್ಯೋ, ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆಗಲಾದರೂ ಹೇಳಬೇಕಿತ್ತು. ನಿಮ್ಮ ಬಸ್ ಬಂತು, ಹೊರಟು ಹೋದಿರಿ.

ಆ ರೂಮಿಗೆ ಈಗಲೂ ಬೀಗ. ಬೀಗದ ಕೈ ಈಗಲೂ ನನ್ನ ಸೊಂಟದಲ್ಲೇ. ನಿನ್ನ ಮಿಷನ್ನಿನ ಮುಂದೆ ಕೂತಿರುವ ಹುಡುಗಿ ನಿನ್ನೆ ಎದೆಗೆ ಕರವಸ್ತ್ರ ಒತ್ತಿಕೊಂಡು ಹೊಲಿಯುತ್ತಿದ್ದಳು. ನಾಳೆ ಮಗುವನ್ನು ಎತ್ತಿಕೊಂಡು ಬಾ ಅಂತ ಅವಳಿಗೂ ಹೇಳಿದ್ದೇನೆ, ಸವಿತಾ.

ನಾಳೆ ಆಡಿಟ್ ಇಲ್ಲ.