ಕೊಡ ಹೊತ್ತವರ ರಾಶಿ

ನನ್ನದು ಕುಂಭ ರಾಶಿ. ಇದನ್ನು ನಾಲ್ಕು ಜನರ ನಡುವೆ ಹೇಳಿಕೊಳ್ಳಲು ನನಗೆ ಚಿಕ್ಕಂದಿನಿಂದಲೂ ಒಂದು ಬಗೆಯ ಸಂಕೋಚ. ಸಿಂಹ ರಾಶಿಯವರನ್ನು ನೋಡಿ, ರಾಶಿ ಯಾವುದೆಂದು ಕೇಳಿದರೆ ಸಾಕು, ಕುಳಿತಲ್ಲೇ ಬೆನ್ನು ನೆಟ್ಟಗಾಗುತ್ತದೆ. ವೃಶ್ಚಿಕದವರು ತಮ್ಮ ಬಾಯಿ ಹರಿತವಾಗಿರುವುದಕ್ಕೆ ರಾಶಿಯನ್ನೇ ಹೊಣೆ ಮಾಡಿ ಆರಾಮಾಗಿ ಇದ್ದುಬಿಡುತ್ತಾರೆ. ಮೀನ, ಮೇಷಗಳಿಗಂತೂ ಊರವರೆಲ್ಲ ಕೂತು ಎಣಿಸುವ ಭಾಗ್ಯ. ಪಕ್ಕದಲ್ಲೇ ಇರುವ ಕುಂಭವನ್ನು ಯಾರೂ ಎಣಿಸುವುದಿಲ್ಲ. ಅಡುಗೆಮನೆಯ ಕ್ಯಾಲೆಂಡರಿನ ರಾಶಿಚಿತ್ರಗಳ ಸಾಲಿನಲ್ಲಿ, ಸಿಂಹ, ಚೇಳು, ಬಿಲ್ಲುಗಾರರ ಜೊತೆಯಲ್ಲಿ, ಯಾರೋ ಬಚ್ಚಲಿನಿಂದ ತಂದು ಮರೆತಂತೆ ಒಂದು ಕೊಡ ಕೂತಿರುತ್ತದೆ. ಅದೇ ನಾನು.

ಇಂಗ್ಲಿಷ್ ಪೇಪರಿನಲ್ಲಿ ನಮ್ಮ ಸ್ಥಿತಿ ಸ್ವಲ್ಪ ವಾಸಿ. ಅಲ್ಲಿ ಗುಂಗುರು ಕೂದಲಿನ ಚೆಲುವನೊಬ್ಬ ಹೂಜಿ ಬಗ್ಗಿಸಿ ಧಾರಾಳವಾಗಿ ನೀರು ಸುರಿಯುತ್ತಿರುತ್ತಾನೆ. ಅವನಿಗೆ ಅಕ್ವೇರಿಯಸ್ ಎಂದು ಹೆಸರು. ನಮ್ಮ ಆಫೀಸಿನ ಮುಂಬಾಗಿಲಲ್ಲಿ ಮೀನು ಬಿಟ್ಟಿರುವ ಗಾಜಿನ ಪೆಟ್ಟಿಗೆಗೂ ಅವನಿಗೂ ನೀರಿನ ಕಡೆಯಿಂದ ನೆಂಟಸ್ತನ. ನಮ್ಮ ಹಳೆಯ ಜ್ಯೋತಿಷ್ಯದ ವಿವರಣೆಯೊಂದನ್ನು ಓದಿದಾಗ ಮಾತ್ರ ನನಗೆ ಆಶ್ಚರ್ಯವಾಯಿತು. ಅಲ್ಲಿಯೂ ಕೊಡ ಒಂಟಿಯಾಗಿಲ್ಲ, ಹೊತ್ತವನಿದ್ದಾನೆ. ಹೆಗಲ ಮೇಲೆ ಬರಿದಾದ ಕೊಡ ಹೊತ್ತ ಮನುಷ್ಯ ಎಂದಿದೆ. ಪಶ್ಚಿಮದವನು ಸುರಿಯುತ್ತಾನೆ, ನಮ್ಮವನು ಖಾಲಿ ಕೊಡ ಹೊತ್ತು ನಿಂತಿದ್ದಾನೆ. ಬೇಸಿಗೆಯಲ್ಲಿ ನಾವಿರುವ ವರ್ತೂರಿಗೆ, ಬೆಂಗಳೂರಿನ ಈ ನೀರಿಲ್ಲದ ಅಂಚಿಗೆ, ಬಂದು ನೋಡಿದವರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕ್ಯಾಲೆಂಡರ್ ಅಚ್ಚು ಹಾಕುವವರು ಯಾವುದೋ ಕಾಲದಲ್ಲಿ ಜಾಗ ಸಾಲದೆ ಮನುಷ್ಯನನ್ನು ಕೈಬಿಟ್ಟು ಕೊಡವನ್ನು ಉಳಿಸಿಕೊಂಡಿರಬೇಕು.

ನಾನು ವೈಟ್‌ಫೀಲ್ಡಿನ ಒಂದು ಕಂಪನಿಯಲ್ಲಿ ಯಂತ್ರಗಳ ಜೊತೆ ಕೊಡುವ ಕೈಪಿಡಿ ಬರೆಯುತ್ತೇನೆ. ಯಂತ್ರ ಕೆಟ್ಟ ಮೇಲೂ ಯಾರೂ ಓದದ ಸಾಹಿತ್ಯ ಅದು. ಹಾಗಾಗಿ ಪದಗಳ ಬೆನ್ನು ಹತ್ತಿ ಅಲೆಯಲು ನನಗೆ ಬೇಕಾದಷ್ಟು ಬಿಡುವು. ಹಾಗೆ ಅಲೆದಾಗ ಗೊತ್ತಾದದ್ದು, ಈ ನನ್ನ ಕೊಡ ಸುಮ್ಮನೆ ಕೂತಿಲ್ಲ ಎಂದು. ಗುಡಿಯ ಗೋಪುರದ ತುದಿ ಏರಿದರೆ ಅದಕ್ಕೆ ಕುಂಭಾಭಿಷೇಕ. ಗುಡಿಯ ಕಂಬದ ನಡುವೆಯೂ ಅದೇ ಹೆಸರಿನ ಒಂದು ಉಬ್ಬು. ಆನೆಯ ಹಣೆಯ ಎರಡು ದಿಬ್ಬಗಳು ಕುಂಭಸ್ಥಳ. ಬೆಂಗಳೂರಿನಲ್ಲಂತೂ ಕೊಡವೇ ಕರಗವಾಗಿ, ತಲೆಯ ಮೇಲೆ ಕೂತು ಇಡೀ ಪೇಟೆಯನ್ನು ತನ್ನ ಹಿಂದೆ ಓಡಾಡಿಸುತ್ತದೆ. ಆಕಾಶ ತೂತಾದಂತೆ ಸುರಿದರೆ ಕುಂಭದ್ರೋಣ ಮಳೆ. ನಮ್ಮ ಕಡೆ ಅದು ಬಂದ ದಿನ ಬೆಳ್ಳಂದೂರಿನ ಟೆಕ್ ಪಾರ್ಕುಗಳ ಮುಂದೆ ಕಾರುಗಳು ತೇಲುತ್ತವೆ, ಅದೇ ಸಂಜೆ ಮನೆಯ ನಲ್ಲಿಯಲ್ಲಿ ಗಾಳಿ ಬರುತ್ತದೆ. ಉಸಿರನ್ನು ಒಳಗೆ ತಡೆದು ಹಿಡಿದರೆ ಅದು ಕುಂಭಕ. ನಮ್ಮ ಆಫೀಸಿನವರು ಆರೋಗ್ಯದ ಹೆಸರಿನಲ್ಲಿ ಯೋಗದ ತರಗತಿ ಇಟ್ಟಾಗ, ನನ್ನ ರಾಶಿಯೇ ಅದಲ್ಲವೇ ಎಂಬ ಜಂಬದಲ್ಲಿ ಉಸಿರು ಹಿಡಿದು ಕೂತೆ. ಕಲಿಸುವ ಹುಡುಗಿ ಗಾಬರಿಯಾಗಿ, "ಮೇಡಂ, ಬಿಟ್ಬಿಡಿ, ಪ್ಲೀಸ್ ಬಿಟ್ಬಿಡಿ" ಎಂದು ಬೆನ್ನು ತಟ್ಟಿದ್ದಳು.

ಕುಂಭಮೇಳ ಎಂದರೆ ನಿಮಗೆ ಉತ್ತರದ ನದಿ, ಸಾಧುಗಳು, ಜನಸಾಗರ ನೆನಪಾಗಬಹುದು. ದಾವಣಗೆರೆ ಕಡೆಯವಳಾದ ನನಗೆ ನೆನಪಾಗುವುದು ನಮ್ಮವ್ವ. ನಮ್ಮ ಕಡೆ ಕುಂಭಮೇಳ ಎಂದರೆ ಮಠದ ಮೆರವಣಿಗೆಯ ಮುಂದೆ ಪೂರ್ಣಕುಂಭ ಹೊತ್ತು ಸಾಲಾಗಿ ನಡೆಯುವ ಹೆಂಗಸರು. ಹಿತ್ತಾಳೆಯ ಕೊಡ, ಬಾಯಿಗೆ ವೀಳ್ಯದೆಲೆ, ಮೇಲೊಂದು ತೆಂಗಿನಕಾಯಿ. ಆ ಸಾಲಿನ ಮೊದಲಿಗೆ ಯಾವಾಗಲೂ ಅವ್ವ. ಅವಳ ನಡಿಗೆಗೆ ಕೊಡ ಅಲುಗುತ್ತಿರಲಿಲ್ಲ ಎಂದು ಊರಲ್ಲಿ ಹೆಸರು. ಯಾರ ಮನೆಯಲ್ಲಿ ಮದುವೆ, ಮನೆಯೊಕ್ಕಲು ಇದ್ದರೂ ಗಂಗೆ ತರಲು ಅವಳಿಗೆ ಮೊದಲ ಕರೆ. ಅಡುಗೆಗೆ, ಹಾಡಿಗೆ ಅವಳನ್ನು ಯಾರೂ ಹೊಗಳಿದ್ದು ನಾನು ಕೇಳಿಲ್ಲ, ಆದರೆ ಕೊಡ ಹೊರುವುದರಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಆ ಕರೆ ನಿಂತಿತು. ಯಾರೂ ಬಾಯಿಬಿಟ್ಟು ಏನೂ ಹೇಳಲಿಲ್ಲ, ಕರೆಯಲಿಲ್ಲ ಅಷ್ಟೆ. ಸೂತಕವಿಲ್ಲ, ಮೈಲಿಗೆಯಿಲ್ಲ ಎಂದು ಹೇಳಿಕೊಂಡು ಬಂದ ಶಿವಭಕ್ತರ ಮನೆತನ ನಮ್ಮದು. ಹೇಳುವುದಕ್ಕೇನೋ ಚೆನ್ನಾಗಿಯೇ ಹೇಳುತ್ತೇವೆ. ಅವ್ವನೂ ಆ ವಿಷಯ ಎತ್ತಲಿಲ್ಲ. ನಮ್ಮ ಜೊತೆ ಇರಲು ಬಂದಾಗ ತನ್ನ ಹಿತ್ತಾಳೆ ಕೊಡವನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡು ತಂದಳು, ಬಾಡಿಗೆಮನೆಯ ಅಟ್ಟದ ಮೇಲೆ ಇಟ್ಟಳು.

ಹೀಗಿರುವಾಗ ನಾವು ವರ್ತೂರಿನ ಕೆರೆಯ ಆಚೆ ಒಂದು ಫ್ಲ್ಯಾಟ್ ಕೊಂಡೆವು. ನಾಲ್ಕನೇ ಮಹಡಿ. ಬಾಲ್ಕನಿಯಿಂದ ಕೆರೆ ಕಾಣುತ್ತದೆ ಎಂದು ಮಾರಿದವರು ಹೇಳಿದ್ದರು. ವಾಸನೆಯ ವಿಷಯ ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಮನೆಯೊಕ್ಕಲಿನ ದಿನ ಗೊತ್ತಾಯಿತು. ನಮ್ಮ ಪದ್ಧತಿಯಲ್ಲಿ ಮೊದಲು ನೀರಿನ ನೆಲೆಗೆ ಹೋಗಿ, ಅದಕ್ಕೆ ಗಂಗಸ್ಥಳ ಎನ್ನುತ್ತೇವೆ, ಪೂಜೆ ಮಾಡಿ ಕೊಡಗಳಲ್ಲಿ ಗಂಗೆಯನ್ನು ತುಂಬಿಕೊಂಡು ಬರಬೇಕು. ತುಂಬಿದ ಕೊಡವನ್ನು ಮನೆ ಮುಟ್ಟುವವರೆಗೆ ನೆಲಕ್ಕೆ ಇಡುವಂತಿಲ್ಲ. ಗಂಗೆ ಒಳಗೆ ಬಂದ ಮೇಲೆಯೇ ನಾವು ಒಳಗೆ.

ನಮ್ಮ ಕಟ್ಟಡದ ಕೊಳವೆಬಾವಿ ನಾವು ಬರುವ ಮೊದಲೇ ಬತ್ತಿತ್ತು. ನೀರು ಬರುವುದು ಟ್ಯಾಂಕರಿನಲ್ಲಿ. ನಮ್ಮ ಮನೆಯವರು ಬುದ್ಧಿವಂತಿಕೆಯಿಂದ ಅಂಗಡಿಯ ಹೊಸ ನೀರಿನ ಕ್ಯಾನೊಂದನ್ನು ತಂದು, ಅರಿಶಿನ ಕುಂಕುಮ ಹಚ್ಚಿ, ಲಿಫ್ಟಿನ ಪಕ್ಕ ಮಣೆಯ ಮೇಲೆ ಇಟ್ಟರು. ಅದೇ ಗಂಗಸ್ಥಳವಂತೆ. ಅವ್ವ ಕ್ಯಾನಿನ ಸುತ್ತ ಒಂದು ಸುತ್ತು ಬಂದು ನೋಡಿದಳು.

"ಇದರಾಗ ಗಂಗಿ ಅದಾಳೇನು? ಆಕಿ ಬಂದ ದಾರಿ ಯಾವುದು, ತೋರ್ಸು ನನಗ" ಎಂದಳು. ಅಳಿಯನಿಗೆ ನೇರವಾಗಿ ಹೇಳದೆ ನನ್ನ ಕಡೆ ತಿರುಗಿಯೇ ಹೇಳಿದಳು. ತೋರಿಸಲು ಮುಚ್ಚಳದ ಮೇಲಿನ ಸೀಲು ಬಿಟ್ಟರೆ ಬೇರೇನೂ ಇರಲಿಲ್ಲ.

ಕೊನೆಗೆ ಟ್ಯಾಂಕರ್ ತುಂಬುವ ಜಾಗಕ್ಕೇ ಹೋಗುವುದೆಂದು ತೀರ್ಮಾನವಾಯಿತು. ಅದು ನಮ್ಮ ಹಿಂದಿನ ರಸ್ತೆಯಲ್ಲಿರುವ ನಂಜಮ್ಮನವರ ತುಂಡು ಹೊಲ. ಅವರು ಈ ಊರಿನ ಹಳೆಯ ಒಕ್ಕಲು ಮನೆಯವರು. ಸುತ್ತಲಿನ ಜಮೀನೆಲ್ಲ ಅಪಾರ್ಟ್‌ಮೆಂಟ್ ಆದ ಮೇಲೂ ಒಂದು ಬೇವಿನ ಮರ, ಸೊಪ್ಪಿನ ನಾಲ್ಕು ಮಡಿ, ಒಂದು ಕೊಳವೆಬಾವಿ ಉಳಿಸಿಕೊಂಡಿದ್ದಾರೆ. ನಾವು ರೇಷ್ಮೆ ಸೀರೆಗಳಲ್ಲಿ ಅಲ್ಲಿಗೆ ಹೋದಾಗ ಟ್ಯಾಂಕರ್ ಡ್ರೈವರು ಗೌರವದಿಂದ ಪೈಪು ಪಕ್ಕಕ್ಕೆ ಎಳೆದ. ಕೊಡ ಹೊರಲು ಅಪಾರ್ಟ್‌ಮೆಂಟಿನ ಐವರು ಮುತ್ತೈದೆಯರು. ಮುಂದಿನ ದೊಡ್ಡ ಕೊಡ, ಅಂದರೆ ಅವ್ವನ ಹಿತ್ತಾಳೆಯದು, ಪಕ್ಕದ ಮನೆಯ ಲಾವಣ್ಯಳಿಗೆ. ಊರಿನಿಂದ ಬಂದಿದ್ದ ಅಯ್ಯನೋರು ಮೋಟಾರಿನ ಡಬ್ಬಿಗೆ ವಿಭೂತಿ ಹಚ್ಚಿ ಪೂಜೆ ಶುರುಮಾಡಿದರು. ಅವ್ವ ಬೇವಿನ ಮರದ ಆಚೆ, ಮಾತಿಗೆ ಸಿಗದಷ್ಟು ದೂರದಲ್ಲಿ ನಿಂತಿದ್ದಳು.

ಹಿಂದಿನ ದಿನವೇ ನಾನು ಅವಳನ್ನು, ನೀನೇ ಮುಂದಿನ ಕೊಡ ಹೊರು ಎಂದು ಕೇಳಿಕೊಂಡಿದ್ದೆ. ಅವ್ವ, "ಹುಚ್ಚಿ ಅದೀ ನೀನು, ನಿನ್ನ ಹೊಸ ಮನಿಗೆ ನನ್ನಿಂದ ಏನಾರ ಆಗಬಾರದು" ಎಂದು ಅಲ್ಲಿಗೇ ಮುಗಿಸಿದ್ದಳು. ಊರಿನವರು ಕರೆಯದಿದ್ದರೆ ಜಗಳವಾಡಬಹುದು. ಅವ್ವನೇ ತನ್ನನ್ನು ಹೊರಗಿಟ್ಟುಕೊಂಡರೆ ನಾನು ಯಾರ ಜೊತೆ ಜಗಳವಾಡಲಿ? ಈ ಮನೆಗೂ ಅವಳು ಹಿಂದಿನಿಂದಲೇ ಬಂದರೆ, ಆ ಕೊಡ ಮತ್ತೆ ಅಟ್ಟ ಸೇರುವುದು ಖಂಡಿತ ಎಂದು ನನಗೆ ಗೊತ್ತಿತ್ತು.

ನಂಜಮ್ಮನವರು ಸೊಂಟಕ್ಕೆ ಕೈಯಿಟ್ಟು ನೋಡುತ್ತಿದ್ದವರು ಕೇಳಿದರು, "ಯಾಕವ್ವಾ, ಆ ಯಮ್ಮ ಅಷ್ಟು ದೂರ ನಿಂತವ್ರೆ?"

"ನಮ್ಮಪ್ಪ ಹೋದ್ಮೇಲೆ ಇಂಥದ್ದಕ್ಕೆಲ್ಲ ಮುಂದೆ ಬರಲ್ಲ" ಎಂದೆ.

"ನಮ್ಮೆಜಮಾನ್ರೂ ಓಗಿ ಶಾನೆ ದಿನ ಆಯ್ತು. ದಿನಾ ಬೆಳಗ್ಗೆ ಎದ್ದು ಈ ಸ್ವಿಚ್ ಆಕೋಳು ನಾನೇಯ. ನಿಮ್ ಬಿಲ್ಡಿಂಗ್‌ನೋರೆಲ್ಲ ಕುಡಿಯಾದು ಅದೇ ನೀರು. ಗಂಗವ್ವ ಒಂದಿನಾನೂ ಬರಾಕಿಲ್ಲ ಅಂದಿಲ್ಲ" ಎಂದು ಹೇಳಿ, ಅವರು ಹೋಗಿ ಸ್ವಿಚ್ ಹಾಕಿದರು. ನೀರು ಬಂತು. ಅವ್ವ ಕೇಳಿಸಿಕೊಂಡಳೋ ಇಲ್ಲವೋ, ಬೇವಿನ ಮರದ ತೊಗಟೆ ನೋಡುತ್ತಿದ್ದಳು.

ಮೆರವಣಿಗೆ ಹೊರಟಿತು. ಲಾವಣ್ಯ ಪಾಪ, ಮೂಗಿನ ತುದಿಯಲ್ಲಿ ಬೆವರು, ಎರಡೂ ಕೈಯಿಂದ ಕೊಡವನ್ನು ಎದೆಗೆ ಅಪ್ಪಿಕೊಂಡು ನಡೆದಳು. ನಾವು ಕಟ್ಟಡ ತಲುಪಿದಾಗ ಕರೆಂಟ್ ಹೋಗಿತ್ತು. ಜನರೇಟರ್ ಇನ್ನೂ ಬರಬೇಕಿತ್ತು. ಲಿಫ್ಟಿಲ್ಲ. ಗಂಗೆ ಮೆಟ್ಟಿಲು ಹತ್ತತೊಡಗಿದಳು. ಎರಡನೇ ಮಹಡಿಯ ತಿರುವಿನಲ್ಲಿ ಲಾವಣ್ಯ ನಿಂತುಬಿಟ್ಟಳು. ಸೀರೆ ಅರ್ಧ ಒದ್ದೆ.

"ಅಕ್ಕಾ, ನನ್ ಕೈಲಾಗ್ತಿಲ್ಲ. ಕೆಳಗೆ ಇಟ್ಬಿಡ್ಲಾ?"

ಇಡುವಂತಿಲ್ಲ. ನನ್ನ ಕೈಯಲ್ಲಿ ಉರಿಯುವ ದೀಪದ ಆರತಿ ತಟ್ಟೆ, ಉಳಿದ ನಾಲ್ವರ ಕೈಯಲ್ಲಿ ಅವರವರ ಕೊಡ. ಅಯ್ಯನೋರು ಗಂಡಸರ ಜೊತೆ ಆಗಲೇ ಮೇಲೆ ಹೋಗಿದ್ದರು. ಕೊಡ ಲಾವಣ್ಯಳ ತೋಳಿನಿಂದ ಜಾರತೊಡಗಿತು. ಹಿಂದಿನಿಂದ ಕಂಬಿ ಹಿಡಿದು ಬರುತ್ತಿದ್ದ ಅವ್ವ, "ಏ, ಕೊಡು ಇಲ್ಲೆ" ಎಂದು ಅದನ್ನು ಕಸಿದುಕೊಂಡು ಸೊಂಟಕ್ಕೆ ಇಟ್ಟಳು. ಆಮೇಲೆ ನಮ್ಮೆಲ್ಲರನ್ನೂ ದಾಟಿ ಮೇಲೆ ಹತ್ತಿದಳು. ಮಂಡಿನೋವಿನವಳು ಅವಳು. ಕೊಡ ಮಾತ್ರ ಅಲುಗಲಿಲ್ಲ. ಮೆರವಣಿಗೆಗಳಲ್ಲಿ ಅವಳ ಬೆನ್ನ ಹಿಂದೆ ಓಡುತ್ತಿದ್ದಾಗ ನಾನು ನೋಡುತ್ತಿದ್ದ ನಡಿಗೆಯೇ ಅದು.

ಹೊಸ್ತಿಲು ಕಂಡಾಗ ಅವಳಿಗೆ ನೆನಪಾಯಿತು. ಥಟ್ಟನೆ ನಿಂತು ನನ್ನ ಕಡೆ ತಿರುಗಿದಳು. ನಾನು ಅಷ್ಟರಲ್ಲಿ ತಟ್ಟೆಯನ್ನು ಲಾವಣ್ಯಳಿಗೆ ಕೊಟ್ಟಿದ್ದೆ.

"ಈಗ ನಿನ್ನ ಕೈ ಖಾಲಿ ಅದಾವಲ್ಲ. ಹಿಡಿ, ನೀ ಒಳಗ ತಗೊಂಡು ಹೋಗು."

ಎಲ್ಲರೂ ನಮ್ಮಿಬ್ಬರನ್ನೇ ನೋಡುತ್ತಿದ್ದರು. ಗಂಗೆ ತಂದವರ ಕಾಲಿಗೆ ನೀರೆರೆದು ಒಳಗೆ ಕರೆಯಬೇಕು, ಅದಕ್ಕೆಂದು ಬಾಗಿಲ ಬಳಿ ಚೊಂಬು ಇಟ್ಟಿತ್ತು. ನಾನು ಕೊಡಕ್ಕೆ ಕೈ ಚಾಚಲಿಲ್ಲ. ಚೊಂಬು ತೆಗೆದುಕೊಂಡು ಬಗ್ಗಿ ಅವ್ವನ ಕಾಲಿಗೆ ನೀರು ಎರೆದೆ. ಅವಳ ಒಂದು ಕಾಲು ಹಿಂದಕ್ಕೆ ಸರಿಯಿತು. ಸರಿದಲ್ಲಿಗೇ ಮತ್ತೆ ಎರೆದೆ.

ಬಾಗಿಲ ಪಕ್ಕ ಕೂತಿದ್ದ ಅಯ್ಯನೋರು ತಲೆಯೆತ್ತಿ ನೋಡಿದರು. ಅವರು ಒಂದು ಮಾತು ಆಡಿದರೆ ಅವ್ವ ಅಲ್ಲಿಂದಲೇ ಕೆಳಗಿಳಿದು ಹೋಗುತ್ತಿದ್ದಳು.

"ಬಲಗಾಲು ಮುಂದ ಇಡ್ರೀ ತಾಯಿ" ಎಂದು ಹೇಳಿ ಅವರು ಮತ್ತೆ ಮಂತ್ರಕ್ಕೆ ಹೋದರು.

ಅವ್ವ ಬಲಗಾಲು ಇಟ್ಟಳು. ನನಗೆ ಅಳು ಬಂತು, ಧೂಪದ ಹೊಗೆ ಜಾಸ್ತಿಯಾಯಿತು ಎಂದು ಎಲ್ಲರಿಗೂ ಹೇಳಿದೆ.

ಹಿತ್ತಾಳೆಯ ಕೊಡ ಈಗ ಅಡುಗೆಮನೆಯ ಕಟ್ಟೆಯ ಮೇಲಿದೆ. ಟ್ಯಾಂಕರ್ ಬಾರದ ದಿನಗಳಲ್ಲಿ ಉಪಯೋಗಕ್ಕೂ ಬರುತ್ತದೆ. ಅವ್ವ ಸಂಜೆ ನಂಜಮ್ಮನವರ ಬೇವಿನ ಮರದ ಕೆಳಗೆ ಕೂತು ಬರುತ್ತಾಳೆ. ಇಬ್ಬರ ಕನ್ನಡವೂ ಇನ್ನೊಬ್ಬರಿಗೆ ಅರ್ಧ ಅರ್ಥವಾಗುತ್ತದೆ, ಅದರಿಂದ ಮಾತು ಬೆಳೆಯಲು ಅನುಕೂಲವೇ ಆಗಿದೆ.

ನನಗೆ ಮಾತ್ರ ಕ್ಯಾಲೆಂಡರಿನ ಚಿತ್ರ ನೋಡಿದಾಗಲೆಲ್ಲ ಕಿರಿಕಿರಿ. ಒಂದು ಪದಕ್ಕೆ ಗೋಪುರ, ಆನೆ, ಮಳೆ, ಉಸಿರು ಎಂದು ಇಷ್ಟೆಲ್ಲ ಅರ್ಥ ಹುಡುಕಿದವರಿಗೆ, ಹೊತ್ತವರನ್ನು ಬರೆಯಲು ಜಾಗ ಸಿಗಲಿಲ್ಲವೇ? ಮೊನ್ನೆ ತಡೆಯಲಾರದೆ, ಒಲೆಯ ಮೇಲೆ ಹಾಲಿಟ್ಟು ಕಾಯುತ್ತಿದ್ದಾಗ, ಆ ಕೊಡದ ಪಕ್ಕ ಬಾಲ್‌ಪೆನ್ನಿನಲ್ಲಿ ಒಂದು ಹೆಂಗಸನ್ನು ಬರೆದೆ. ಸೀರೆ, ತುರುಬು, ಕೊಡ ಸೊಂಟದ ಮೇಲೆ. ಚಿತ್ರ ಬರೆಯುವುದು ನನಗೆ ಕೈಪಿಡಿ ಬರೆಯುವಷ್ಟೇ ಚೆನ್ನಾಗಿ ಬರುತ್ತದೆ. ಯಾರನ್ನು ಬರೆದೆ ಎಂದು ಯಾರಿಗೂ ಹೇಳಲಿಲ್ಲ.

ಮಧ್ಯಾಹ್ನ ಅವ್ವ ಅಮಾವಾಸ್ಯೆ ಯಾವಾಗ ಎಂದು ನೋಡಲು ಕನ್ನಡಕ ಹಾಕಿಕೊಂಡು ಕ್ಯಾಲೆಂಡರಿನ ಮುಂದೆ ನಿಂತಳು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು. ಆಮೇಲೆ ಅಲ್ಲಿಂದಲೇ ಕೂಗಿದಳು.

"ಅಲ್ಲಬೇ, ನನ್ನ ಸೊಂಟ ಇಷ್ಟು ದಪ್ಪ ಐತೇನು?"