ತುಳಸಿಗೇರಿಯ ಮೂರು ಶನಿವಾರ

ಗುಡೂರಿನ ಕಸ್ತೂರಿ ತುಳಸಿಗೇರಿ ಹನುಮಪ್ಪನಿಗೆ ಮೂರು ಶನಿವಾರದ ಹರಕೆ ಹೊತ್ತಿದ್ದಾಳೆಂದು ಓಣಿಗೆಲ್ಲ ಗೊತ್ತಿತ್ತು. ಅದು ಸುಳ್ಳು. ಆಕೆ ಹೋಗುತ್ತಿದ್ದದ್ದು ಬಾಗಲಕೋಟೆಯ ಒಂದು ದವಾಖಾನೆಗೆ.

ಕಸ್ತೂರಿಗೆ ನಲವತ್ತೊಂದು. ಸೀರೆಯ ಒಡಲಿಗೆ ಸೆರಗಿನ ಎಳೆ ಜೋಡಿಸುವ ಕೊಂಡಿ ಕೆಲಸ ಮಾಡುತ್ತ ಮನೆಯಲ್ಲೇ ಕೂಡುವಳು. ಗಂಡ ತಿಮ್ಮಣ್ಣ ಇಳಕಲ್ಲಿನ ಕಡೆ ಕಲ್ಲಿನ ಕ್ವಾರಿಯಲ್ಲಿ ಕಂಪ್ರೆಸರ್ ನಡೆಸುತ್ತಿದ್ದ. ಎರಡು ವರ್ಷದ ಹಿಂದೆ ಎದೆ ಹಿಡಿದುಕೊಂಡು ಕುಂತವನು ಮತ್ತೆ ಏಳಲಿಲ್ಲ. ಈಗ ಮನೆಯಲ್ಲಿ ಆಕೆ, ಅತ್ತೆ ಚಂದವ್ವ, ಇಬ್ಬರೇ.

ಆಶಾ ಕಾರ್ಯಕರ್ತೆ ಊರ ಹೆಂಗಸರನ್ನು ತಪಾಸಣೆಗೆ ಕರೆದೊಯ್ದಾಗ ಕಸ್ತೂರಿಯೂ ಹೋಗಿದ್ದಳು. ಕೆಲ ದಿನಗಳ ಮೇಲೆ ಆಕೆಯೊಬ್ಬಳನ್ನೇ ಬಾಗಲಕೋಟೆಗೆ ಕರೆದರು. ತೃಪ್ತಿ ಎಂಬ ಚಿಕ್ಕ ವಯಸ್ಸಿನ ಡಾಕ್ಟರ್ ಬಾಗಿಲು ಮುಚ್ಚಿ ಹೇಳಿದಳು. ಗರ್ಭಕೋಶದ ಬಾಯಲ್ಲಿ ಒಂದು ವೈರಸ್ಸು ಕುಂತು ಅಲ್ಲಿಯ ಚರ್ಮ ಕೆಡಿಸುತ್ತಿದೆ. ಇದಿನ್ನೂ ಕ್ಯಾನ್ಸರ್ ಅಲ್ಲ, ಹಾಗೇ ಬಿಟ್ಟರೆ ಮುಂದೆ ಆಗಬಹುದು. ಕೆಟ್ಟದ್ದನ್ನು ಕತ್ತರಿಸಿ ತೆಗೆಯುವ ಚಿಕಿತ್ಸೆ ಇದ್ದೇ ಇದೆ. ಅದಕ್ಕೂ ಮೊದಲು ಒಂದು ಹೊಸ ಸೂಜಿಯ ಪರೀಕ್ಷೆ ನಡೆಯುತ್ತಿದೆ. ಮೈಯೊಳಗಿನ ಶಕ್ತಿಗೇ ಆ ವೈರಸ್ಸಿನ ಗುರುತು ತೋರಿಸಿ ಅದರಿಂದಲೇ ಓಡಿಸುವ ಸೂಜಿ. ತೋಳಿಗೆ, ಮೂರು ಸಲ. ಕೆಲವರಿಗೆ ಬರೀ ನೀರು ಕೊಡುತ್ತಾರೆ, ಯಾರಿಗೆ ಯಾವುದೆಂದು ತನಗೂ ತಿಳಿಯದು. ಗುಣವಾಗುತ್ತದೆಂದು ಮಾತು ಕೊಡಲಾಗದು, ಬೇಡವೆನಿಸಿದರೆ ಯಾವಾಗಲಾದರೂ ಬಿಡಬಹುದು.

ಇಷ್ಟೂ ಕಸ್ತೂರಿಗೆ ತಿಳಿಯಿತು. ಎಲ್ಲಿಂದ ಬಂತು ಎಂದು ಕೇಳಿದಳು. ಗಂಡಸು ಹೆಂಗಸು ಕೂಡುವುದರಿಂದ ಬರುತ್ತದೆ, ಬಂದ ಮೇಲೆ ಹತ್ತು ವರ್ಷ ಸುಮ್ಮನಿದ್ದರೂ ಇರಬಲ್ಲದು ಎಂದಳು ಡಾಕ್ಟರ್. ಹತ್ತು ವರ್ಷದ ಮಾತನ್ನು ಓಣಿಯಲ್ಲಿ ಯಾರು ನಂಬುತ್ತಾರೆ? ಗಂಡ ಸತ್ತು ಎರಡು ವರ್ಷ, ರೋಗ ಈಗ ಬಂತು, ಇಷ್ಟನ್ನೇ ಹಿಡಿದುಕೊಳ್ಳುತ್ತಾರೆ. ಆಕೆ ಸಹಿ ಹಾಕಿದಳು, ಮನೆಯಲ್ಲಿ ಹೇಳಲಿಲ್ಲ. ಸೂಜಿಯ ದಿನ ಶನಿವಾರವಿತ್ತು. ಬಾಯಿಗೆ ಹನುಮಪ್ಪನ ಹೆಸರು ಬಂತು.

ಹರಕೆ ಎಂದ ಮೇಲೆ ಓಣಿ ಸುಮ್ಮನಿರುವುದಿಲ್ಲ. ಚಂದವ್ವ ಮಗನ ಹೆಸರಿನಲ್ಲಿ ಒಂದು ತೆಂಗಿನಕಾಯಿ ಕೊಟ್ಟಳು. ಪಕ್ಕದ ಮನೆಯ ಗಂಗಮಾಳವ್ವ, ಮಗಳಿಗೆ ಗಂಡು ಕೂಡಿಬರಲೆಂದು ಇನ್ನೊಂದು ಕೊಟ್ಟಳು. ಸೂಜಿ ಮಾಡಿಸಿಕೊಂಡ ಮೇಲೆ ತುಳಸಿಗೇರಿಗೆ ಹೋಗಿಬರುವಷ್ಟು ಹೊತ್ತು ಇರಲಿಲ್ಲ. ಕಸ್ತೂರಿ ದವಾಖಾನೆಯ ಹಿಂದಿನ ನಳದ ಕಟ್ಟೆಗೆ ಕಾಯಿ ಒಡೆದಳು. ಅದನ್ನೇ ತಂದು ಪ್ರಸಾದವೆಂದು ಕೊಟ್ಟಳು. ಗಂಗಮಾಳವ್ವ ಕಣ್ಣಿಗೆ ಒತ್ತಿಕೊಂಡು ತಿಂದಳು. ಅದನ್ನು ನೋಡಿ ಕಸ್ತೂರಿ ತನ್ನ ಪಾಲಿನ ಚೂರನ್ನು ತಿನ್ನದೆ ಸೆರಗಿಗೆ ಕಟ್ಟಿಕೊಂಡಳು. ಆದರೂ ಎರಡನೆಯ ಸಲವೂ ಹಾಗೇ ಮಾಡಿದಳು.

ಮೂರನೆಯ ಶನಿವಾರ ಚಂದವ್ವ ತಾನೂ ಸೀರೆ ಬದಲಿಸಿ ಬಾಗಿಲಲ್ಲಿ ನಿಂತಳು. ಬೇಡವೆನ್ನಲು ಕಸ್ತೂರಿಗೆ ನೆಪ ಸಿಗಲಿಲ್ಲ. ಇಬ್ಬರೂ ಬಸ್ಸು ಹತ್ತಿದರು. ಬಾಗಲಕೋಟೆ ನಿಲ್ದಾಣದಲ್ಲಿ ತುಳಸಿಗೇರಿಯ ಬಸ್ಸು ನಿಂತಿತ್ತು. ಹತ್ತಿದರೆ ಕಡೆಯ ಸೂಜಿ ತಪ್ಪುತ್ತದೆ. ಕಸ್ತೂರಿ ಕಾಲು ಕೀಳಲಿಲ್ಲ.

"ಹತ್ತವಾ. ದಾರಿ ಮರ್ತಿಯೇನು, ಎರಡು ಸಲ ಬಂದಾಕಿ?" ಎಂದಳು ಚಂದವ್ವ.

ಚಂದವ್ವ ಆಕೆಯ ರಟ್ಟೆ ಹಿಡಿದು ಬದಿಗೆ ಕರೆದಳು.

"ಪೂಜಾರಿ ಕಾಯಿ ಒಡದ್ರ ಒಂದು ಹೋಳು ತಾ ಇಟ್ಕೋತಾನ. ನೀ ಎರಡೂ ಹೋಳು ತಂದಿ. ನನಗ ಅವತ್ತ ತಿಳೀತು. ಎಲ್ಲಿಗಿ ಹೋಗ್ತಿ ಹೇಳು. ಯಾವನರೆ ಇದ್ರೂ ಹೇಳು."

ಕಸ್ತೂರಿ ಕಂಬದ ಕಡೆ ಮುಖ ಮಾಡಿ ಎಲ್ಲವನ್ನೂ ಹೇಳಿದಳು. ಚಂದವ್ವ ಸೆರಗು ಬಾಯಿಗೆ ಹಿಡಿದು ಕೇಳಿದಳು. ಬಸ್ಸು ಹೋಯಿತು.

ದವಾಖಾನೆಯಲ್ಲಿ ಚಂದವ್ವ ಡಾಕ್ಟರರ ಮುಂದೆ ಕುರ್ಚಿ ಎಳೆದುಕೊಂಡು ಕುಂತಳು.

"ನನ್ನ ಮಗನಿಂದ ಬಂದೈತೇನ್ರಿ ಇದು?"

ಅದನ್ನು ಯಾರೂ ಹೇಳಲಾರರು ಎಂದಳು ತೃಪ್ತಿ. ಸಂಸಾರ ಮಾಡಿದವರಲ್ಲಿ ಬಹಳ ಮಂದಿಗೆ ಒಂದಿಲ್ಲೊಂದು ಕಾಲಕ್ಕೆ ಇದು ಬಂದು ತಾನೇ ಹೋಗುತ್ತದೆ, ಕೆಲವರಲ್ಲಿ ಮಾತ್ರ ಉಳಿಯುತ್ತದೆ, ಇದರಿಂದ ಯಾರ ನಡತೆಯನ್ನೂ ಅಳೆಯಬಾರದು ಎಂದಳು. ಚಂದವ್ವ ಸೊಸೆಯ ಕಡೆ ತಿರುಗಿದಳು. ತೋಳು ಏರಿಸು ಎಂದಳು. ಸೂಜಿ ಆಯಿತು. ಗುಣವಾಯಿತೋ ಇಲ್ಲವೋ ನೋಡಲು ಆರು ತಿಂಗಳ ಮೇಲೆ ಬನ್ನಿ ಎಂದು ಕಳಿಸಿದರು.

ಸಂಜೆ ಊರು ಸೇರಿದಾಗ ಗಂಗಮಾಳವ್ವ ಇನ್ನಿಬ್ಬರು ಹೆಂಗಸರ ಜೊತೆ ಕಟ್ಟೆಯ ಮೇಲಿದ್ದಳು. ಅತ್ತೆ ಸೊಸೆ ಕೂಡಿಯೇ ಹೋದಿರಲ್ಲ, ಹನುಮಪ್ಪ ಹೆದರಿಕೊಂಡಿರಬೇಕು ಎಂದು ನಗೆಯಾಡಿದಳು. ಕಸ್ತೂರಿ ನೆಟ್ಟಗೆ ಒಳಗೆ ಹೋದಳು. ಹೊರಗೆ ಅತ್ತೆಯ ದನಿ ಕೇಳಿತು.

"ಹನುಮಪ್ಪನ ಕಡೆ ಹೋಗಿಲ್ಲ, ದವಾಖಾನಿಗೆ ಹೋಗಿದ್ವಿ. ನಾಳೆ ಮಂದಿ ಬಾಯಿಂದ ಕೇಳೂದು ಬ್ಯಾಡ, ನಾನ ಹೇಳ್ತೀನಿ. ಆಕಿಗೆ ಗಂಡಸರಿಂದ ಬರೂ ಬ್ಯಾನಿ ಆಗೈತಿ. ನನ್ನ ತಿಮ್ಮಣ್ಣ ತಂದು ಕೊಟ್ಟು ಹೋದ. ತಿಂಗಳಗಟ್ಲೆ ಕ್ವಾರಿಯೊಳಗ ಇರ್ತಿದ್ದ, ನಿಮಗ ಗೊತ್ತಿಲ್ಲೇನು?"

ಕಟ್ಟೆಯ ಮೇಲೆ ಗಂಗಮಾಳವ್ವ ಲೊಚಗುಟ್ಟಿದ ಸದ್ದಾಯಿತು.

ಡಾಕ್ಟರ್ ಹಾಗೆ ಹೇಳಿರಲಿಲ್ಲ. ತಿಮ್ಮಣ್ಣ ಅಂಥವನೆಂದು ಹದಿನೆಂಟು ವರ್ಷದ ಸಂಸಾರದಲ್ಲಿ ಕಸ್ತೂರಿಗೆ ಒಮ್ಮೆಯೂ ಅನಿಸಿರಲಿಲ್ಲ. ಕ್ವಾರಿಯಿಂದ ಬಂದ ದಿನ ಎಳೆಯಿಂದ ಕೊಯ್ದ ಆಕೆಯ ಬೆರಳಿಗೆ ಎಣ್ಣೆ ಹಚ್ಚುತ್ತಿದ್ದ. ಸತ್ತವನು ಎದ್ದು ಬಂದು ಅಲ್ಲ ಎನ್ನಲಾರ. ಅನ್ನಬೇಕಾದವಳು ತಾನು. ಕಸ್ತೂರಿ ಎದ್ದಳು. ಹೊಸ್ತಿಲ ತನಕ ಬಂದಳು. ತನ್ನ ಹೆಸರು ಉಳಿಯಿತಲ್ಲ ಎಂದು ಜೀವ ಹಗುರಾಯಿತು. ಹಗುರಾದದ್ದಕ್ಕೆ ತನ್ನ ಮೇಲೆಯೇ ಹೇಸಿಗೆ ಬಂತು. ಆದರೂ ಹೊರಗೆ ಹೋಗಲಿಲ್ಲ.